ಸುಣ್ಣ ಬಲ್ಲವನು ಸಾರುವೆಯ ಕೆಳಗೇ ಯಾಕೆ?

ಎರಡು ಶಿಲ್ಲಿಂಗು. ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್ ಎಂಬ ಊರಿನ ಲೆಕ್ಕದ ಪುಸ್ತಕದಲ್ಲಿ ಈ ಮೊತ್ತ ಇವತ್ತಿಗೂ ಹಾಗೇ ಕೂತಿದೆ. ಊರಿನ ಗಿಲ್ಡ್ ಚಾಪೆಲ್ಲಿನ ಗೋಡೆಗಳ ಮೇಲಿದ್ದ ಚಿತ್ರಗಳನ್ನು ಕೆಡಿಸಿದ ಖರ್ಚು ಅದು. 1564ರ ಜನವರಿಯಲ್ಲಿ ಆ ಲೆಕ್ಕ ಒಪ್ಪಿಸಿದವನು ಜಾನ್ ಶೇಕ್ಸ್‌ಪಿಯರ್, ಅದೇ ವರ್ಷ ಹುಟ್ಟಿದ ನಾಟಕಕಾರನ ಅಪ್ಪ. ಚಾಪೆಲ್ಲಿಗೆ ದುಡ್ಡು ಸುರಿದವನ ಹೆಸರೂ ಗೊತ್ತು: ಹ್ಯೂ ಕ್ಲಾಪ್ಟನ್, ಲಂಡನ್ನಿನ ಮೇಯರಾಗಿದ್ದ ಭಾರೀ ವ್ಯಾಪಾರಿ. ಕಟ್ಟಿಸಿದವನು ಗೊತ್ತು, ಕೆಡಿಸಿದವನು ಗೊತ್ತು. ಬರೆದವನು ಯಾರು? ಗೊತ್ತಿಲ್ಲ. ಅವನಿಗಾಗಿ ಸುಣ್ಣ ಅರೆದು, ಗೋಡೆ ನುಣುಪು ಮಾಡಿ ಕೊಟ್ಟವನು ಯಾರು ಅಂತ ಕೇಳುವ ರೂಢಿಯೇ ಲೋಕದಲ್ಲಿಲ್ಲ.

ಇಂಗ್ಲೆಂಡಿನ ಇಗರ್ಜಿ ಗೋಡೆ ಕಟ್ಟಿಕೊಂಡು ನಮಗೇನಾಗಬೇಕು ಅಂತ ಓದುಗರು ಕೇಳಬಹುದು. ಕೇಳಲೇಬೇಕು. ಆ ಗೋಡೆಗಳನ್ನು ಇವತ್ತು ಕಾಯುವುದಕ್ಕೆ ಒಂದು ವಿದ್ಯೆಯೇ ಬೆಳೆದಿದೆ. ಅದನ್ನು ಕಲಿಯಲು ವರ್ಷಗಟ್ಟಲೆ ತರಬೇತಿ, ಅದಕ್ಕೊಂದು ದೊಡ್ಡ ಪದವಿ. ಆ ವಿದ್ಯೆಯ ಬಗ್ಗೆ ನಮಗೆ ಗೌರವವಿದೆ, ಮುಂದೆ ಹೇಳುತ್ತೇವೆ. ನಮ್ಮ ಜಗಳ ಇರೋದು ಅದರ ಬಾಗಿಲ ಹತ್ತಿರ. ಸುಣ್ಣ, ನೀರು, ಉಪ್ಪು ಈ ಮೂರನ್ನು ಬಲ್ಲವನೇ ಗೋಡೆಯ ಚಿತ್ರವನ್ನು ಉಳಿಸಬಲ್ಲ. ಈ ಮೂರರ ಜೊತೆ ಹುಟ್ಟಿ ಬೆಳೆದವನನ್ನೇ ಆ ಬಾಗಿಲಿನಿಂದ ಆಚೆ ನಿಲ್ಲಿಸಲಾಗಿದೆ. ಅವನು ಸಾರುವೆ ಕಟ್ಟಿ ಕೊಡುತ್ತಾನೆ. ಸಾರುವೆ ಹತ್ತಿ ಚಿತ್ರ ಮುಟ್ಟುವವನು ಬೇರೆಯವನು.

ಮೊದಲು ಈ ಗೋಡೆಗಳು ಏನಾಗಿದ್ದವು ಅಂತ ತಿಳಿಯಬೇಕು. ಕ್ರಿ.ಶ. 600ರ ಹೊತ್ತಿಗೆ ಮಾರ್ಸೇಲ್ ಊರಿನ ಬಿಷಪ್ಪನೊಬ್ಬ ತನ್ನ ಇಗರ್ಜಿಯ ಚಿತ್ರಗಳನ್ನೆಲ್ಲ ಒಡೆಸಿ ಹಾಕಿದ. ಆಗ ಪೋಪ್ ಗ್ರೆಗರಿ ಅವನಿಗೆ ಕಾಗದ ಬರೆದು ಬೈದ. ಅಕ್ಷರ ಬಾರದವರು ಪುಸ್ತಕದಲ್ಲಿ ಓದಲಾರದ್ದನ್ನು ಗೋಡೆಯಲ್ಲಿ ಓದುತ್ತಾರೆ ಎಂಬುದು ಅವನ ವಾದ. ಕೇಳಲು ಚೆನ್ನಾಗಿದೆ. ಆದರೆ ಅಕ್ಷರ ಕಲಿಸುತ್ತೇವೆ ಅಂತ ಅವನು ಹೇಳಲಿಲ್ಲ, ಚಿತ್ರ ತೋರಿಸುತ್ತೇವೆ ಅಂದ. ಅಲ್ಲಿಂದ ಸಾವಿರ ವರ್ಷ ಯೂರೋಪಿನ ಉಳುವವನು, ನೇಯುವವನು, ಕುರಿ ಕಾಯುವವನು ಭಾನುವಾರ ಭಾನುವಾರ ಆ ಗೋಡೆಯ ಮುಂದೆ ನಿಂತು ತನ್ನ ನರಕವನ್ನು ತಾನೇ ನೋಡಿಕೊಂಡ. ಸರ್ರೆ ಸೀಮೆಯ ಚಾಲ್ಡನ್ ಎಂಬ ಸಣ್ಣ ಇಗರ್ಜಿಯ ಗೋಡೆಯಲ್ಲಿ 1200ರ ಸುಮಾರಿನ ಒಂದು ಚಿತ್ರವಿದೆ. ಕೆಂಪು ಮಣ್ಣಿನ ಬಣ್ಣ, ನಡುವೆ ಸ್ವರ್ಗಕ್ಕೆ ಏಣಿ, ಕೆಳಗೆ ನರಕ. ಬಡ್ಡಿ ತಿಂದವನು ಬೆಂಕಿಯಲ್ಲಿ ಕೂತಿದ್ದಾನೆ, ಕೊರಳಲ್ಲಿ ದುಡ್ಡಿನ ಚೀಲ. ಸರಿ, ನಮ್ಮ ಸಾಹುಕಾರನ ನೆಂಟ ಅಂತ ನಾವು ಖುಷಿಪಡುವ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಕಾಣುತ್ತದೆ. ಮುಳ್ಳಿನ ಸೇತುವೆ. ಅದರ ಮೇಲೆ ಅಡಿಗಲ್ಲಿಲ್ಲದೆ ಕಬ್ಬಿಣ ಬಡಿಯುವ ಕಮ್ಮಾರ, ಚಕ್ರವಿಲ್ಲದೆ ಮಡಕೆ ಮಾಡಬೇಕಾದ ಕುಂಬಾರ. ಕೆಲಸದಲ್ಲಿ ಮೋಸ ಮಾಡಿದ ಕಸುಬಿನವರಿಗೆ ಅದು ಶಿಕ್ಷೆಯಂತೆ. ಬಡ್ಡಿಯವನಿಗೂ ಕುಂಬಾರನಿಗೂ ಒಂದೇ ನರಕ ಕೊಟ್ಟ ನ್ಯಾಯ ಯಾರದು ಅಂತ ಬೇರೆ ಹೇಳಬೇಕಾಗಿಲ್ಲ.

ಆದರೂ ಹೆಸರಿಲ್ಲದ ಆ ಚಿತ್ರಗಾರ ಸಂದು ಸಿಕ್ಕಿದಲ್ಲೆಲ್ಲ ತನ್ನ ಮಾತು ಸೇರಿಸಿದ್ದಾನೆ. ಕಡೆಯ ತೀರ್ಪಿನ ದೊಡ್ಡ ಚಿತ್ರಗಳನ್ನು ಅಲ್ಲಿಯವರು 'ಡೂಮ್' ಅನ್ನುತ್ತಾರೆ. ಸಾಲಿಸ್‌ಬರಿಯ ಸಂತ ತೋಮಸ್ ಇಗರ್ಜಿಯಲ್ಲಿ, ಕವೆಂಟ್ರಿಯ ಹೋಲಿ ಟ್ರಿನಿಟಿಯಲ್ಲಿ ಅಂಥವು ಉಳಿದಿವೆ. ಸತ್ತವರೆಲ್ಲ ಬೆತ್ತಲೆ ಎದ್ದು ಬರುತ್ತಾರೆ. ಬಟ್ಟೆ ಹೋಗಿದೆ, ಆದರೆ ತಲೆಯ ಮೇಲಿನದ್ದನ್ನು ಚಿತ್ರಗಾರ ಬಿಟ್ಟಿದ್ದಾನೆ. ಯಾಕೆ ಗೊತ್ತೇ? ನರಕದ ಕಡೆ ಸಾಗುವವರಲ್ಲಿ ರಾಜ ಯಾರು, ಬಿಷಪ್ಪ ಯಾರು ಅಂತ ಕಿರೀಟ ನೋಡಿ ಗುರುತು ಹಿಡಿಯಲಿ ಅಂತ. ಬಿಷಪ್ಪನ ದುಡ್ಡಿನಲ್ಲಿ ಬಿಷಪ್ಪನ ಗೋಡೆಯ ಮೇಲೆ ಹೀಗೆ ಬರೆಯುವುದಕ್ಕೆ ಎದೆ ಬೇಕು.

1547ರಲ್ಲಿ ಆರನೇ ಎಡ್ವರ್ಡ್ ಎಂಬ ಬಾಲಕ ಪಟ್ಟಕ್ಕೆ ಬಂದ. ಇಗರ್ಜಿಗಳ ವಿಗ್ರಹ, ಗಾಜು, ಗೋಡೆಚಿತ್ರ ಯಾವುದರ ನೆನಪೂ ಉಳಿಯಬಾರದು ಎಂದು ಆಜ್ಞೆ ಹೊರಟಿತು. ಸುಣ್ಣ ಬಳಿದರು. ಧರ್ಮ ಸುಧಾರಣೆಯ ಸುಣ್ಣ. ಅಳಿಸಲು ಬಳಿದ ಆ ಸುಣ್ಣವೇ ಚಿತ್ರಗಳನ್ನು ಉಳಿಸಿತು. ಸುಣ್ಣ ಉಸಿರಾಡುತ್ತದೆ. ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುತ್ತದೆ, ಧೂಳು ಮಸಿಯನ್ನು ತನ್ನ ಮೈಮೇಲೆ ತೆಗೆದುಕೊಳ್ಳುತ್ತದೆ. ಮುನ್ನೂರು ವರ್ಷದ ಮೇಲೆ ಪದರ ಕಿತ್ತಾಗ ಒಳಗಿನ ಕಣ್ಣುಗಳು ಹೊರಗೆ ನೋಡಿದವು. ಇಲ್ಲಿ ಒಂದು ತಮಾಷೆಯೂ ಇದೆ. ಯಾರ್ಕ್‌ಶೈರಿನ ಪಿಕರಿಂಗ್ ಊರಿನಲ್ಲಿ 1852ರಲ್ಲಿ ಚಿತ್ರಗಳು ಬಯಲಾದವು. ಪಾದ್ರಿಗೆ ಹಿಡಿಸಲಿಲ್ಲ, ಮತ್ತೆ ಸುಣ್ಣ ಬಳಿಸಿದ. ಅವು ಮತ್ತೆ ಬಿಸಿಲು ಕಾಣಲು 1870ರ ದಶಕ ಬರಬೇಕಾಯಿತು.

ಈಗ ಮುಖ್ಯ ಮಾತಿಗೆ ಬರೋಣ. ಸುಣ್ಣದಿಂದ ಈಚೆ ಬಂದ ಚಿತ್ರಗಳನ್ನು ಹಾಳು ಮಾಡಿದವರು ಯಾರು? ಕೂಲಿಯವರೇ? ಗಾರೆಯವರೇ? ಅಲ್ಲ ಸ್ವಾಮಿ, ಬಲ್ಲವರು. 19ನೇ ಶತಮಾನದ ದೊಡ್ಡ ದೊಡ್ಡ ವಾಸ್ತುಶಿಲ್ಪಿಗಳು ಇಗರ್ಜಿಗಳ 'ಜೀರ್ಣೋದ್ಧಾರ'ಕ್ಕೆ ನಿಂತರು. ಕಲ್ಲು ಕಂಡರೇ ಚೆಂದ ಎಂಬ ಹುಚ್ಚಿನಲ್ಲಿ ಹಳೇ ಗಾರೆಯನ್ನೆಲ್ಲ ಕೆತ್ತಿ ಎಸೆಸಿದರು, ಗಾರೆಯ ಜೊತೆ ಚಿತ್ರವೂ ಮಣ್ಣುಪಾಲು. ಇದನ್ನು ನೋಡಿ ರೇಗಿ ವಿಲಿಯಂ ಮಾರಿಸ್ 1877ರಲ್ಲಿ ಪುರಾತನ ಕಟ್ಟಡ ರಕ್ಷಣಾ ಸಂಘ ಕಟ್ಟಿದ. ಜನ ಅದನ್ನು ಕೆತ್ತುವುದಕ್ಕೆ ವಿರೋಧದ ಸಂಘ ಅಂತಲೇ ಕರೆದರು. ಮಾರಿಸ್ ಮುಂದೆ ಸಮಾಜವಾದಿಯಾದದ್ದು ಆಕಸ್ಮಿಕವಲ್ಲ ಅಂತ ನಮ್ಮ ಗುಮಾನಿ.

ಕವೆಂಟ್ರಿಯ ಡೂಮ್ 1831ರಲ್ಲಿ ಹೊರಬಂತು. ಡೇವಿಡ್ ಗೀ ಎಂಬ ಚಿತ್ರಗಾರ ಅದನ್ನು ತಿದ್ದಿ ಮೇಲೆ ಡಾಂಬರು ಬೆರೆತ ವಾರ್ನಿಷ್ ಬಳಿದ. ಬಳಿದಾಗ ಫಳಫಳ. ಆಮೇಲೆ ಕಪ್ಪಾಗುತ್ತಾ ಹೋಗಿ ಸ್ವರ್ಗ ನರಕ ಎರಡೂ ಕತ್ತಲೆಯಲ್ಲಿ ಮುಳುಗಿದವು. ಅದನ್ನು ತೆಗೆದು ಜನರ ಮುಂದಿಡಲು 2004ರವರೆಗೆ ಕಾಯಬೇಕಾಯಿತು. ಇದಕ್ಕಿಂತ ದೊಡ್ಡ ಕಥೆ ಪ್ರೊಫೆಸರ್ ಟ್ರಿಸ್ಟ್ರಮ್ ಅವರದು. ರಾಯಲ್ ಕಾಲೇಜ್ ಆಫ್ ಆರ್ಟ್‌ನ ಪ್ರಾಧ್ಯಾಪಕ, ಇಂಗ್ಲೆಂಡಿನ ಗೋಡೆಚಿತ್ರಗಳನ್ನು ಅವರಷ್ಟು ಶ್ರದ್ಧೆಯಿಂದ ನಕಲು ಮಾಡಿಕೊಂಡವರು ಕಡಿಮೆ. ಆದರೆ 1920ರ, 30ರ ದಶಕಗಳಲ್ಲಿ ಅವರು ಕೈಹಾಕಿದ ಚಿತ್ರಗಳಿಗೆ ಮೇಣ ಬಳಿಸಿದರು, ಹೊಳಪು ಬರಲಿ, ಉಳಿಯಲಿ ಅಂತ. ಗೋಡೆಯ ಉಸಿರು ಕಟ್ಟಿತು. ತೇವ ಒಳಗೇ ನಿಂತಿತು, ನೀರಿನಲ್ಲಿ ಕರಗಿದ ಉಪ್ಪು ಮೇಣದ ಹಿಂದೆ ಹರಳುಗಟ್ಟಿ ಬಣ್ಣವನ್ನು ಹೊರಗೆ ತಳ್ಳಿತು. ಆ ಮೇಣ ಕೀಳುವುದೇ ಮುಂದಿನ ಎರಡು ಮೂರು ತಲೆಮಾರಿನ ಸಂರಕ್ಷಕರ ಹಣೆಬರಹವಾಯಿತು. ಮನೆಗೆ ಸುಣ್ಣ ಹೊಡೆಯುವ ಯಾವ ಹೆಂಗಸನ್ನು ಬೇಕಾದರೂ ಕೇಳಿ, ಹಸಿ ಗೋಡೆಗೆ ಎಣ್ಣೆಬಣ್ಣ ಬಳಿದರೆ ಏನಾಗುತ್ತದೆ ಅಂತ. ಹಪ್ಪಳದ ಹಾಗೆ ಏಳುತ್ತದೆ ಅಂತಾಳೆ. ಇಷ್ಟನ್ನು ಪ್ರೊಫೆಸರರಿಗೆ ಹೇಳುವ ಹಕ್ಕಿರುವ ಒಬ್ಬ ಗಾರೆಯವನು ಆ ಸಾರುವೆಯ ಮೇಲಿರಲಿಲ್ಲ.

ಇಷ್ಟು ಅನಾಹುತ ಆದಮೇಲೆ ತರಬೇತಿ ಬೇಕು ಎಂಬ ಬುದ್ಧಿ ಬಂತು. ಇಟಲಿ 1939ರಲ್ಲಿ ರೋಮಿನಲ್ಲಿ ಸಂರಕ್ಷಣೆಯ ಕೇಂದ್ರ ಸಂಸ್ಥೆ ಕಟ್ಟಿತು, ಚೆಸಾರೆ ಬ್ರಾಂಡಿ ಅದರ ಮೊದಲ ನಿರ್ದೇಶಕ. ಯುನೆಸ್ಕೊ ಬೆಂಬಲದಲ್ಲಿ ರೋಮಿನಲ್ಲೇ ಹುಟ್ಟಿದ ಇಕ್ರಾಮ್ ಸಂಸ್ಥೆ 1968ರಿಂದ ಗೋಡೆಚಿತ್ರಕ್ಕೆಂದೇ ತರಬೇತಿ ನಡೆಸಿತು. ಪಾವೊಲೊ ಮೋರಾ, ಲಾರಾ ಮೋರಾ ಎಂಬ ಗಂಡ ಹೆಂಡತಿ ಅಲ್ಲಿ ಲೋಕದ ಮೂಲೆಮೂಲೆಯ ಮಕ್ಕಳಿಗೆ ಕಲಿಸಿದರು. ಇಂಗ್ಲೆಂಡ್ ತಡವಾಗಿ ಎದ್ದಿತು. ಲಂಡನ್ನಿನ ಕೋರ್ಟಾಲ್ಡ್ ಸಂಸ್ಥೆಯಲ್ಲಿ ಗೋಡೆಚಿತ್ರ ಸಂರಕ್ಷಣೆಯ ವಿಭಾಗ ಶುರುವಾದದ್ದು 1985ರಲ್ಲಿ. ಮೂರು ವರ್ಷದ ಸ್ನಾತಕೋತ್ತರ ಕಲಿಕೆ, ಬೆರಳೆಣಿಕೆಯ ವಿದ್ಯಾರ್ಥಿಗಳು.

ಏನು ಕಲಿಸುತ್ತಾರೆ ಅಲ್ಲಿ? ಇದನ್ನು ನಾವು ನಿಧಾನವಾಗಿ ಹೇಳುತ್ತೇವೆ, ಯಾಕಂದರೆ ಇದು ನಮ್ಮ ಮಕ್ಕಳೂ ಕಲಿಯಬೇಕಾದ ವಿದ್ಯೆ. ಮೊದಲ ಪಾಠ ಮುಟ್ಟದಿರುವುದು. ಕತ್ತಲು ಮಾಡಿ, ಬ್ಯಾಟರಿ ದೀಪವನ್ನು ಗೋಡೆಯ ಪಕ್ಕದಿಂದ ಅಡ್ಡಡ್ಡ ಬಿಟ್ಟು ನೋಡುವುದು. ಉಬ್ಬು, ತಗ್ಗು, ಬಿರುಕು, ಹಿಂದಿನವನ ತೇಪೆ ಎಲ್ಲ ನೆರಳಾಗಿ ಏಳುತ್ತವೆ. ಆಮೇಲೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುವುದು. ಗಾರೆ ಗೋಡೆಗೆ ಹಿಡಿದಿದ್ದರೆ ಒಂದು ಸದ್ದು, ಬಿಟ್ಟುಕೊಂಡಿದ್ದರೆ ಡೊಳ್ಳು ಸದ್ದು. ಮಡಕೆ ಕೊಳ್ಳುವಾಗ ನಮ್ಮವ್ವಂದಿರು ತಟ್ಟಿ ನೋಡುವುದಿಲ್ಲವೇ, ಹಾಗೇ. ಡೊಳ್ಳು ಬಿದ್ದ ಜಾಗವನ್ನೆಲ್ಲ ನಕ್ಷೆಯಲ್ಲಿ ಗುರುತು ಹಾಕಬೇಕು. ಆಮೇಲೆ ನೀರು. ಸೂರು ಎಲ್ಲಿ ಸೋರುತ್ತಿದೆ, ದೋಣಿ ಎಲ್ಲಿ ಕಟ್ಟಿದೆ, ಯಾವ ಇಂಜಿನಿಯರು ಎಲ್ಲಿ ಸಿಮೆಂಟು ಮೆತ್ತಿ ತೇವಕ್ಕೆ ದಾರಿ ಮುಚ್ಚಿದ್ದಾನೆ. ನೀರು ನಿಲ್ಲಿಸದೆ ಚಿತ್ರಕ್ಕೆ ಕೈ ಹಾಕಿದವನು ಮೂರ್ಖ ಅಂತ ಮೊದಲ ವರ್ಷವೇ ತಲೆಗೆ ಹತ್ತಿಸುತ್ತಾರೆ. ನೀರಿನ ಹಿಂದೆ ಉಪ್ಪು. ಗಾಳಿ ಒದ್ದೆಯಾದಾಗ ಉಪ್ಪು ಕರಗುತ್ತದೆ, ಒಣಗಿದಾಗ ಹರಳಾಗುತ್ತದೆ. ಹರಳಾಗುವಾಗಲೆಲ್ಲ ಗಾರೆಯನ್ನು ಒಳಗಿಂದ ಒಡೆಯುತ್ತದೆ. ಭಾನುವಾರ ಎರಡು ಗಂಟೆ ಒಲೆ ಹಚ್ಚಿ ಆರಿಸುವ ಇಗರ್ಜಿಯಲ್ಲಿ ಈ ಆಟ ವಾರ ವಾರ ನಡೆಯುತ್ತದೆ. ಸುಣ್ಣದ ಪದರಗಳನ್ನು ಶಸ್ತ್ರವೈದ್ಯನ ಚಾಕುವಿನಿಂದ, ಭೂತಗನ್ನಡಿಯ ಕೆಳಗೆ ಒಂದೊಂದಾಗಿ ಬಿಡಿಸುವುದು. ಅಂಗೈಯಗಲಕ್ಕೆ ಒಂದು ದಿನ ಹಿಡಿದರೂ ಹಿಡಿಯಿತು. ಬಿಟ್ಟ ಗಾರೆಯ ಹಿಂದೆ ಸುಣ್ಣದ ಗಂಜಿಯನ್ನು ಸೂಜಿಯಲ್ಲಿ ಇಳಿಸಿ ಅಂಟಿಸುವುದು.

ಶುಚಿ ಮಾಡುವ ಒಂದು ವಿಧಾನ ಕೇಳಿ. ಹತ್ತಿಯನ್ನು ಕಡ್ಡಿಗೆ ಸುತ್ತಿ ಬಾಯೊಳಗಿಟ್ಟು ಎಂಜಲಲ್ಲಿ ಒದ್ದೆ ಮಾಡಿ ಕೊಳೆ ಒರೆಸುತ್ತಾರೆ. ಎಂಜಲಿನಲ್ಲಿರುವ ಕಿಣ್ವಕ್ಕೆ ಆ ಶಕ್ತಿ ಇದೆ ಅಂತ ಪೋರ್ಚುಗಲ್ಲಿನ ಸಂಶೋಧಕರು 1990ರಲ್ಲಿ ಪರೀಕ್ಷಿಸಿಯೇ ತೋರಿಸಿದ್ದಾರೆ. ಚಿತ್ರದ ಮೇಲೆಲ್ಲಾ ಇದು ನಡೆಯದು, ನಡೆಯುವ ಕಡೆ ಇದಕ್ಕಿಂತ ನಯವಾದ ದ್ರಾವಣ ಸಿಗುವುದು ಕಷ್ಟ. ಪೇಶ್ವೆಗಳ ಪುಣೆಯಲ್ಲಿ ನಮ್ಮವರ ಎಂಜಲು ನೆಲ ಮುಟ್ಟಬಾರದೆಂದು ಕೊರಳಿಗೆ ಮಡಕೆ ಕಟ್ಟಿಸಿದ್ದರು, ಬಾಬಾಸಾಹೇಬರು ಬರೆದಿದ್ದಾರೆ. ಅಲ್ಲಿ ನೋಡಿದರೆ ಸಂತರ ಮುಖ ಬೆಳಗುವುದೇ ಎಂಜಲಿನಲ್ಲಿ.

ಇನ್ನೊಂದು ಪಾಠ ಎಲ್ಲಕ್ಕಿಂತ ನಮಗೆ ಹಿಡಿಸಿದ್ದು. ಬಿದ್ದುಹೋದ ಜಾಗವನ್ನು ಇದ್ದ ಹಾಗೇ ಬರೆದು ಮುಚ್ಚಬಾರದು. ರೋಮಿನಲ್ಲಿ ಬ್ರಾಂಡಿಯ ಶಿಷ್ಯರು ಅಂಥ ಜಾಗವನ್ನು ಕೂದಲೆಳೆಯಂಥ ಉದ್ದುದ್ದ ಗೀರುಗಳಿಂದ ತುಂಬುತ್ತಿದ್ದರು. ದೂರದಿಂದ ಕಣ್ಣಿಗೆ ಸಮ, ಹತ್ತಿರ ಹೋದರೆ ಇದು ಹೊಸದು ಅಂತ ಮಗುವಿಗೂ ಗೊತ್ತಾಗಬೇಕು. ಇಂಗ್ಲೆಂಡಿನವರು ಇನ್ನೂ ಜಿಪುಣರು, ಹೋದದ್ದನ್ನು ಹೋದಂತೆಯೇ ಬಿಡುತ್ತಾರೆ. ಗಾಯ ಗಾಯವಾಗಿ ಕಾಣಲಿ. ಇತಿಹಾಸಕ್ಕೆ ಬಣ್ಣ ಬಳಿದು ಹೊಸದು ಮಾಡಿ ಕೊಡುವ ಪಂಡಿತರು ತುಂಬಿರುವ ನಾಡಿನಲ್ಲಿ ಕೂತು ಇದನ್ನು ಓದಿದಾಗ ನಮಗೆ ಹೊಟ್ಟೆಕಿಚ್ಚಾಯಿತು.

ವಿದ್ಯೆ ಇಷ್ಟು ಚೆನ್ನ. ಬಾಗಿಲು? ಮೊದಲು ಒಂದು ಪದವಿ ಇರಬೇಕು. ಜೊತೆಗೆ ರಸಾಯನಶಾಸ್ತ್ರ ಬರಬೇಕು, ಚಿತ್ರದ ಕೈ ಇರಬೇಕು, ಕಲೆಯ ಇತಿಹಾಸ ಓದಿರಬೇಕು. ಇವೆಲ್ಲ ಬೇಕೇ ಬೇಕು, ನಾವು ತಗಾದೆ ಎತ್ತುವುದಿಲ್ಲ. ಆದರೆ ಸೇರುವ ಮೊದಲು 'ಅನುಭವ' ಅಂತ ಯಾರದೋ ಕೈಕೆಳಗೆ ಪುಗಸಟ್ಟೆ ದುಡಿಯುವುದು ಅಲ್ಲಿ ಬಹುಕಾಲ ರೂಢಿಯಾಗಿತ್ತು. ಅಪ್ಪನ ಮನೆಯಲ್ಲಿ ಊಟ ಇರುವವನು ಪುಗಸಟ್ಟೆ ದುಡಿಯಬಲ್ಲ, ನಮ್ಮಂಥವರ ಮಕ್ಕಳು ಅದಕ್ಕೆ ಬೇರೆ ಹೆಸರು ಇಟ್ಟಿದ್ದಾರೆ, ಬಿಟ್ಟಿ ಚಾಕರಿ. 2005ರಲ್ಲಿ ಹುಟ್ಟಿದ ಐಕಾನ್ ಎಂಬ ಸಂರಕ್ಷಕರ ಸಂಸ್ಥೆ ಲಾಟರಿ ನಿಧಿಯ ಹಣದಲ್ಲಿ ಸಂಬಳದ ತರಬೇತಿ ಕೊಡಿಸಲು ಮುಂದಾದದ್ದು ಈ ನೋವು ಗೊತ್ತಿದ್ದೇ. ಇನ್ನು ಶುಲ್ಕ. 1998ಕ್ಕೆ ಮುಂಚೆ ಇಂಗ್ಲೆಂಡಿನ ಮಕ್ಕಳು ಮೊದಲ ಪದವಿಗೆ ಬೋಧನಾ ಶುಲ್ಕ ಕಟ್ಟಬೇಕಿರಲಿಲ್ಲ. ಆ ವರ್ಷ 1,000 ಪೌಂಡು ಬಂತು, 2012ಕ್ಕೆ ಅದು 9,000ದವರೆಗೆ ಏರಿತು. ಅಷ್ಟು ಸಾಲ ಹೊತ್ತು ಪದವಿ ಮುಗಿಸಿ, ಮೇಲೆ ಮೂರು ವರ್ಷ ಓದಿ, ಹತ್ತು ಜನ ಮುದುಕರು ಬರುವ ಹಳ್ಳಿ ಇಗರ್ಜಿಯ ಗೋಡೆ ಕಾಯಲು ಹೋಗುವ ಕೂಲಿಕಾರನ ಮಗಳು ಎಷ್ಟು ಜನ ಸಿಕ್ಕಾರು?

ಮಾರಿಸನ ಸಂಘದ ಲೆಕ್ಕವನ್ನೇ ನೋಡಿ. ಎಳೆಯ ವಾಸ್ತುಶಿಲ್ಪಿಗಳು ಹಳೇ ಕಟ್ಟಡ ನೋಡಿ ಕಲಿಯಲಿ ಅಂತ ಅದು ವಿದ್ಯಾರ್ಥಿವೇತನ ಶುರು ಮಾಡಿದ್ದು 1930ರಲ್ಲಿ. ಕಲ್ಲುಕುಟಿಗ, ಬಡಗಿ, ಗಾರೆಯವನಿಗೆ ಅಂಥದ್ದೇ ಅವಕಾಶ ಕೊಟ್ಟದ್ದು 1980ರ ದಶಕದಲ್ಲಿ. ಮಾರಿಸನ ಹೆಸರಿನಲ್ಲೇ. ನಕ್ಷೆಯಿಂದ ಕರಣೆಗೆ ಬರಲು ಅರ್ಧ ಶತಮಾನ! ತಡವಾದರೂ ಬಂತಲ್ಲ, ಅದಕ್ಕೆ ಶರಣು. ಆದರೆ ಆ ಗಾರೆಯವನು ಗೋಡೆಯನ್ನು ಚಿತ್ರದ ಅಂಚಿನವರೆಗೆ ದುರಸ್ತಿ ಮಾಡಿ ನಿಲ್ಲಬೇಕು. ಅಂಚಿನಾಚೆ ಬೇರೆ ಜಾತಿ.

ವಿದ್ಯಾವಂತರ ಉತ್ತರ ನಮಗೆ ಗೊತ್ತಿದೆ. ಮೇಸ್ತ್ರಿ ಕೈಗೆ ಕೊಟ್ಟರೆ ಹಾರೆ ಹಾಕಿ ಕೀಳುತ್ತಾನೆ ಅಂತಾರೆ. ಕೀಳುತ್ತಾನೆ, ಹೇಳಿಕೊಡದಿದ್ದರೆ. ಕಸುಬು ಗೊತ್ತಿದ್ದ ಮಾತ್ರಕ್ಕೆ ಎಂಟುನೂರು ವರ್ಷದ ಬಣ್ಣದ ಪುಡಿ ಎಲ್ಲಿ ನಿಂತಿದೆ ಅಂತ ಕೈಗೆ ತಾನಾಗಿ ಹೊಳೆಯುವುದಿಲ್ಲ. ಕೈಯ ಪೂಜೆ ಮಾಡಿ ವಿದ್ಯೆಯನ್ನು ಬೈಯುವ ನಾಟಕ ನಮ್ಮದಲ್ಲ. ಅದಕ್ಕೇ ತರಬೇತಿ ಕೇಳುತ್ತಿರುವುದು. ಡಾಂಬರು ಬಳಿದವನು, ಮೇಣ ಮೆತ್ತಿದವನು ಬಲ್ಲವರಾಗಿದ್ದರು ಅಂತ ಯಾರೂ ಬಲ್ಲವರ ಇಡೀ ಕುಲಕ್ಕೆ ಬಾಗಿಲು ಹಾಕಲಿಲ್ಲವಲ್ಲ!

ನಮ್ಮ ನಾಡಿನಲ್ಲೂ ಇಂಥ ಒಂದು ಗೋಡೆ ಇದೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಇಟಲಿಯ ಬೆರ್ಗಾಮೊ ಬಳಿಯ ಸ್ಟೆಜಾನೊದಲ್ಲಿ 1854ರಲ್ಲಿ ಹುಟ್ಟಿದ ಆಂಟೋನಿಯೊ ಮೊಶೆನಿ ಎಂಬ ಜೆಸ್ವಿಟ್ ಬ್ರದರ್ 20ನೇ ಶತಮಾನ ಹುಟ್ಟುವ ಹೊತ್ತಿಗೆ ಅಲ್ಲಿ ಬಂದು ಕೂತು ಗೋಡೆ, ಚಾವಣಿ ತುಂಬ ಬರೆದ. ಗೋಡೆಯಲ್ಲಿ ಹಸಿಗಾರೆಯ ಫ್ರೆಸ್ಕೊ, ಚಾವಣಿಯಲ್ಲಿ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ. ಹಸಿಗಾರೆ ಚಿತ್ರದ ಗುಟ್ಟು ಏನೆಂದರೆ ಒಂದು ದಿನ ಬರೆಯುವಷ್ಟು ಜಾಗಕ್ಕೆ ಆ ದಿನವೇ ಗಾರೆ ಬಳಿಯಬೇಕು. ಗಾರೆ ಒಣಗುವ ಮೊದಲು ಬಣ್ಣ ಬೀಳಬೇಕು, ಸುಣ್ಣ ಗಾಳಿ ಕುಡಿದು ಕಲ್ಲಾಗುವಾಗ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಅಂದರೆ ಮುಂಜಾನೆ ಚಿತ್ರಗಾರನಿಗಿಂತ ಮುಂಚೆ ಗಾರೆಯವನ ಕೈ ಗೋಡೆ ಮುಟ್ಟಬೇಕು. ಮೊಶೆನಿಯ ಹೆಸರನ್ನು ಮಂಗಳೂರಿನಲ್ಲಿ ಎಲ್ಲರೂ ಹೇಳುತ್ತಾರೆ, ಹೇಳಲಿ. ಅವನಿಗೆ ಗಾರೆ ಹದ ಮಾಡಿಕೊಟ್ಟವನ ಹೆಸರನ್ನು ನಾವು ಇದುವರೆಗೆ ಯಾರ ಬಾಯಲ್ಲೂ ಕೇಳಿಲ್ಲ.

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ಅದು. ಜೊತೆಗೆ ಕಡಲ ಉಪ್ಪುಗಾಳಿ. 1990ರ ದಶಕದ ಮೊದಲ ವರ್ಷಗಳಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಕರು ಬಂದು ಆ ಚಿತ್ರಗಳನ್ನು ಶುಚಿ ಮಾಡಿ ಗಟ್ಟಿ ಮಾಡಿ ಹೋದರು. ಒಳ್ಳೆಯ ಕೆಲಸ. ಆದರೆ ಸಂರಕ್ಷಕ ಇಪ್ಪತ್ತು ಮೂವತ್ತು ವರ್ಷಕ್ಕೊಮ್ಮೆ ಬರುತ್ತಾನೆ, ಮಳೆ ಪ್ರತಿ ಜೂನ್‌ನಲ್ಲಿ ಬರುತ್ತದೆ. ನಡುವಿನ ಇಪ್ಪತ್ತು ಮಳೆಗಾಲ ಹೆಂಚು ಜಾರಿದ್ದನ್ನು, ದೋಣಿಗೆ ಎಲೆ ಕಟ್ಟಿದ್ದನ್ನು, ಗೋಡೆಯ ಮೂಲೆಯಲ್ಲಿ ಬಿಳಿ ಉಪ್ಪು ಹೂಬಿಟ್ಟದ್ದನ್ನು ನೋಡುವವನು ಅಲ್ಲೇ ಇರುವ ಗುಡಿಸುವವನು, ಹೆಂಚು ಹೊದಿಸುವವನು, ಗಾರೆಯವನು. ಇಂಗ್ಲೆಂಡಿನ ಕಥೆಯೂ ಇದೇ. ಸೂರಿನ ಸೀಸದ ತಗಡು ಕಳ್ಳರ ಪಾಲಾಗಿ ಒಂದು ರಾತ್ರಿಯ ಮಳೆಗೆ ಗೋಡೆ ನೆನೆದರೆ, ಲಂಡನ್ನಿನ ಪದವೀಧರ ಬರುವ ಹೊತ್ತಿಗೆ ಉಪ್ಪು ತನ್ನ ಕೆಲಸ ಮುಗಿಸಿರುತ್ತದೆ. ಗೋಡೆಯ ಹತ್ತಿರ ಇರುವವನಿಗೆ ವಿದ್ಯೆ ಮುಟ್ಟಿಸದ ತರಬೇತಿ ಯಾವ ಗೋಡೆಯನ್ನೂ ಉಳಿಸಲಾರದು. ಇದು ನ್ಯಾಯದ ಮಾತೂ ಹೌದು, ಗೋಡೆಯ ಮಾತೂ ಹೌದು.

ನಮ್ಮ ಕರಾವಳಿಯಲ್ಲಿ ಮರುವಾಯಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಬಯಲುಸೀಮೆಯಲ್ಲಿ ಸುಣ್ಣದ ಕಲ್ಲು ಸುಟ್ಟರು. ಗಾರೆ ಗಾಣಕ್ಕೆ ಎತ್ತು ಕಟ್ಟಿ ಅರೆದರು. ಬೆಲ್ಲ, ಅಳಲೆಕಾಯಿ ನೀರು ಬೆರೆಸಿ ಹದ ಮಾಡಿದರು. ಸುಣ್ಣಗಾರರು, ಉಪ್ಪಾರರು, ಕಲ್ಲು ಒಡೆದ ಭೋವಿಗಳು. ಸಿಮೆಂಟು ಬಂದು ಸುಣ್ಣದ ಗೂಡು ಆರಿತು. 'ಗಾರೆ ಕೆಲಸ' ಎಂಬ ಮಾತು ಮಾತ್ರ ಉಳಿದಿದೆ, ಆ ಮಾತಿನೊಳಗೆ ಈಗ ಇರುವುದು ಬರೀ ಸಿಮೆಂಟು. ಹದ ಬಲ್ಲ ಮುದುಕರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಅವರು ಹೋದಮೇಲೆ ಅದೇ ಹದವನ್ನು ಪ್ರಯೋಗಾಲಯದಲ್ಲಿ ಹುಡುಕಲು ಯಾರಿಗೋ ಡಾಕ್ಟರೇಟು ಕೊಡುತ್ತಾರೆ.

ಹಾಗಾಗಿ ನಾವು ಕೇಳುವುದು ಇಷ್ಟು. ಲಂಡನ್ನಾಗಲಿ, ರೋಮಾಗಲಿ, ನಮ್ಮ ಮೈಸೂರು ದಿಲ್ಲಿಗಳಾಗಲಿ, ಗೋಡೆಚಿತ್ರ ಸಂರಕ್ಷಣೆ ಕಲಿಸುವ ಕಡೆಯೆಲ್ಲ ಸುಣ್ಣದ ಗುಂಡಿಯ ಪಾಠವನ್ನು ಮೇಸ್ತ್ರಿಯೇ ಮಾಡಲಿ, ಪ್ರಾಧ್ಯಾಪಕನ ಸಂಬಳ ಪಡೆದು ಮಾಡಲಿ, ಪ್ರಾತ್ಯಕ್ಷಿಕೆಗೆ ಕರೆಸಿ ಶಾಲು ಹೊದಿಸಿ ಕಳಿಸುವುದು ಬೇಡ. ಸೇರುವ ಅರ್ಜಿಯಲ್ಲಿ ಪದವಿಯ ಖಾನೆಯ ಪಕ್ಕ, ಗಾರೆಯಲ್ಲಿ ಎಷ್ಟು ವರ್ಷ ಅಂತ ಇನ್ನೊಂದು ಖಾನೆ ಇರಲಿ, ಎರಡಕ್ಕೂ ಸಮ ತೂಕ ಇರಲಿ. ರಸಾಯನಶಾಸ್ತ್ರ ಬಾರದಿದ್ದರೆ ಒಂದು ವರ್ಷ ಮುಂಚೆ ಕರೆದು ಕೂರಿಸಿ ಕಲಿಸಿ, ಊಟಕ್ಕೆ ಕೊಟ್ಟು ಕಲಿಸಿ. ಸುಣ್ಣ ಸುಟ್ಟು, ನೀರು ಹಾಕಿ ಅರಳಿಸಿ, ಅದು ಗಾಳಿಯಲ್ಲಿ ಮತ್ತೆ ಕಲ್ಲಾಗುವುದನ್ನು ಬದುಕೆಲ್ಲ ನೋಡಿದವನಿಗೆ ಆ ಮೂರು ಸಮೀಕರಣ ಕಲಿಯುವುದು ಏನೂ ಕಷ್ಟವಲ್ಲ. ಮುಗಿದ ಕೆಲಸದ ವರದಿಯಲ್ಲಿ ಸಾರುವೆ ಕಟ್ಟಿದವರಿಂದ ಹಿಡಿದು ಎಲ್ಲರ ಹೆಸರು ಬರೆಯಿರಿ.

ಹಳ್ಳಿಯಲ್ಲಿರುವ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ಒಂದು ಕೆಲಸ ಹಚ್ಚುತ್ತೇವೆ. ನಿಮ್ಮ ಸುತ್ತ ಸುಣ್ಣದ ಗೂಡು ಕಂಡವರು, ಗಾರೆ ಗಾಣ ಹೊಡೆದವರು ಇನ್ನೂ ಇದ್ದರೆ ಹತ್ತಿರ ಕೂತು ಕೇಳಿ. ಯಾವ ಕಲ್ಲು, ಎಷ್ಟು ದಿನ ಕೊಳೆಹಾಕುತ್ತಿದ್ದರು, ಏನು ಬೆರೆಸುತ್ತಿದ್ದರು, ಕೂಲಿ ಎಷ್ಟಿತ್ತು, ಯಾವ ಗುಡಿ ಮಸೀದಿ ಇಗರ್ಜಿಗೆ ಕೈ ಹಾಕಿದ್ದರು, ಕೆಲಸ ಮುಗಿದ ಮೇಲೆ ಅದರೊಳಗೆ ಅವರನ್ನು ಬಿಟ್ಟರೋ ಇಲ್ಲವೋ. ಅವರು ಒಪ್ಪಿದರೆ ಹೆಸರನ್ನೂ ಬರೆದು ಕಳಿಸಿ. ಮುಂದಿನ ಸಂಚಿಕೆಯಿಂದ ಅಚ್ಚು ಹಾಕುತ್ತಾ ಹೋಗುತ್ತೇವೆ.